ಪ್ರೋಗ್ರಾಮಿಂಗ್ ಭಾಷೆಯ ಹೊಸ ವೆಬ್‌ಸೈಟ್ ಬಗ್ಗೆ ಬಳಸುವವರಿಂದ ನಿಜವಾದ ಅಭಿಪ್ರಾಯ ಪಡೆಯುವುದು ಹೇಗೆ?

ನಿಮ್ಮ ಪ್ರಶ್ನೆ ಓದಿದೆ. ಬೀದರಿನಲ್ಲಿ ಓದುತ್ತಿರುವ ನೀವು ಗೆಳೆಯರೆಲ್ಲ ಸೇರಿ ಒಂದು ಪುಟ್ಟ ಓಪನ್ ಸೋರ್ಸ್ ಭಾಷೆಯ ವೆಬ್‌ಸೈಟನ್ನು ಹೊಸದಾಗಿ ಕಟ್ಟುತ್ತಿದ್ದೀರಿ. ಗೂಗಲ್ ಫಾರ್ಮ್ ಹಾಕಿದಿರಿ, 43 ಜನ ತುಂಬಿದರು. ಮುಕ್ಕಾಲು ಜನ "ಸೂಪರ್", "ಚೆನ್ನಾಗಿದೆ" ಎಂದರು. ಉಳಿದವರು ನೀಲಿ ಬೇಕೋ ಹಸಿರು ಬೇಕೋ ಅಂತ ಜಗಳಕ್ಕೆ ಬಿದ್ದರು. ಇದನ್ನು ಇಟ್ಟುಕೊಂಡು ಏನು ಮಾಡುವುದು ಅಂತ ಕೇಳಿದ್ದೀರಿ.

ನಾನು ಕಲಬುರಗಿಯಲ್ಲಿ ಪ್ರೋಗ್ರಾಮಿಂಗ್ ಹೇಳಿಕೊಡುತ್ತೇನೆ. ಎರಡು ವರ್ಷದ ಹಿಂದೆ ಇಂಥದ್ದೇ ಒಂದು ಭಾಷೆಯ ಸೈಟ್ ಬದಲಾಯಿಸುವ ಗುಂಪಿನಲ್ಲಿದ್ದೆ. ಜನರ ಮಾತು ಕೇಳಿಕೊಂಡು ಬರುವ ಕೆಲಸ ನನ್ನದಾಗಿತ್ತು. ನಾವೂ ಫಾರ್ಮ್‌ನಿಂದಲೇ ಶುರು ಮಾಡಿದ್ದೆವು, ನಮಗೂ ಸಿಕ್ಕಿದ್ದು "ಸೂಪರ್" ಮಾತ್ರ. ಅದಕ್ಕೇ ನೇರವಾಗಿ ಹೇಳುತ್ತೇನೆ. ಸೈಟ್ ಹೇಗಿದೆ ಅಂತ ಯಾರನ್ನೂ ಕೇಳಬೇಡಿ. ಒಂದು ಕೆಲಸ ಕೊಡಿ, ಪಕ್ಕದಲ್ಲಿ ಕೂತು ನೋಡಿ.

ಯಾರದೋ ಮನೆಯಲ್ಲಿ ಉಂಡು ಎದ್ದವರನ್ನು ಊಟ ಹೇಗಿತ್ತು ಅಂತ ಕೇಳಿದರೆ "ಉಪ್ಪು ಜಾಸ್ತಿ ಆಗಿತ್ತು" ಎನ್ನುವವರು ನಮ್ಮ ಕಡೆ ಸಿಗುವುದಿಲ್ಲ. ತಾಟಿನಲ್ಲಿ ಏನು ಉಳಿದಿದೆ ನೋಡಿದರೆ ಗೊತ್ತಾಗುತ್ತದೆ. ವೆಬ್‌ಸೈಟೂ ಹಾಗೇ.

ನನ್ನ ಲ್ಯಾಬ್‌ನಲ್ಲಿ ನಡೆದದ್ದನ್ನು ಹೇಳುತ್ತೇನೆ. ಆಳಂದ ಕಡೆಯ ಒಬ್ಬ ಹುಡುಗಿ, ಬಿಸಿಎ ಎರಡನೇ ವರ್ಷ, ತರಗತಿಯಲ್ಲಿ ಚುರುಕು. ಅವಳಿಗೆ ಒಂದೇ ಕೆಲಸ ಕೊಟ್ಟೆ: ಈ ಭಾಷೆಯನ್ನು ಕಂಪ್ಯೂಟರಿಗೆ ಹಾಕಿಕೊಂಡು, ನಿಮ್ಮ ಹೆಸರು ತೆರೆಯ ಮೇಲೆ ಬರುವ ಹಾಗೆ ಮಾಡಿ. ಹೊಸ ಸೈಟ್ ತೆರೆದಳು. ನಡುವೆ "ಶುರು ಮಾಡಿ" ಎನ್ನುವ ದೊಡ್ಡ ಬಟನ್. ಒತ್ತಿದಳು. ಭಾಷೆಯ ಗುಣಗಾನ ಮಾಡುವ ಉದ್ದನೆಯ ಪುಟ ಬಂತು. ಕೆಳತನಕ ಹೋದಳು, ಮೇಲೆ ಬಂದಳು, ವಾಪಸ್ ಬಂದಳು. ಮತ್ತೆ ಅದೇ ಬಟನ್ ಒತ್ತಿದಳು.

ಡೌನ್‌ಲೋಡ್ ಇದ್ದದ್ದು ಮೇಲಿನ ಮೆನುವಿನಲ್ಲಿ. ಆದರೆ ನಮ್ಮ ಲ್ಯಾಬ್‌ನ ಮಾನಿಟರ್‌ಗಳು ಹಳೆಯವು, 1024 ಪಿಕ್ಸೆಲ್ ಅಗಲದವು. ಅಷ್ಟು ಸಣ್ಣ ತೆರೆಯಲ್ಲಿ ಮೆನು ಪೂರ್ತಿ ಮಡಚಿಕೊಂಡು ಮೂಲೆಯಲ್ಲಿ ಮೂರು ಗೆರೆ ಆಗಿಬಿಟ್ಟಿತ್ತು. ಅವಳ ಮೌಸ್ ಆ ಮೂರು ಗೆರೆಯ ಮೇಲೆ ಎರಡು ಸಲ ಹಾದು ಹೋಯಿತು. ಒತ್ತಲಿಲ್ಲ. ಆಮೇಲೆ ಕೇಳಿದಾಗ "ಅದು ಡಿಸೈನ್ ಅಂದ್ಕೊಂಡೆ ಸರ್" ಎಂದಳು. ನಾಲ್ಕು ನಿಮಿಷ ಆದ ಮೇಲೆ ಹೊಸ ಟ್ಯಾಬ್ ತೆರೆದು ಗೂಗಲ್‌ನಲ್ಲಿ ಹುಡುಕಿದಳು. ಜಾಹೀರಾತು ತುಂಬಿದ ಯಾವುದೋ ಸೈಟಿಗೆ ಹೋದಳು. ಅಲ್ಲಿ ಮೂರು ಹಸಿರು ಡೌನ್‌ಲೋಡ್ ಬಟನ್. ಯಾವುದು ಅಸಲಿ ಅಂತ ಗೊತ್ತಾಗದೆ ಕೈ ತೆಗೆದಳು. "ನನಗ ಇದು ಬರಂಗಿಲ್ರಿ ಸರ್" ಎಂದಳು.

ನಾವು ಕಟ್ಟಿದ ಸೈಟ್ ಒಂದು ಚುರುಕು ಹುಡುಗಿಯ ಬಾಯಿಂದ ಆ ಮಾತು ಹೇಳಿಸಿತು. ಅವತ್ತು ನನಗೆ ನಿಜಕ್ಕೂ ಬೇಜಾರಾಯಿತು. ಇನ್ನೂ ಒಂದು ವಿಷಯ ಕೇಳಿ. ಕೊನೆಗೆ ಅವಳಿಗೂ ಅದೇ ಫಾರ್ಮ್ ಕೊಟ್ಟೆವು. ಐದಕ್ಕೆ ಐದು ಸ್ಟಾರ್ ಕೊಟ್ಟಳು. "ಸೈಟ್ ಭಾಳ ಚಲೋ ಅದ" ಅಂತ ಬರೆದಳು. ನಿಮ್ಮ 43 ಉತ್ತರಗಳಲ್ಲಿ ಇಂಥವು ಎಷ್ಟಿವೆಯೋ ಯೋಚಿಸಿ.

ಸೈಟ್ ಡಿಸೈನ್ ಮಾಡಿದವರ ಹತ್ತಿರ ದೊಡ್ಡ ಮಾನಿಟರ್ ಇತ್ತು. ಅವರ ಕಣ್ಣಿಗೆ ಆ ಮೂರು ಗೆರೆ ಒಮ್ಮೆಯೂ ಬಿದ್ದಿರಲಿಲ್ಲ. ಡೌನ್‌ಲೋಡ್ ಬಟನ್ನನ್ನು ಮುಖಪುಟದ ನಡುವಿಗೆ ತಂದೆವು. ಮೂರು ಗೆರೆಯ ಪಕ್ಕ "ಮೆನು" ಅಂತ ಅಕ್ಷರದಲ್ಲೇ ಬರೆದೆವು. ಅರ್ಧ ದಿನದ ಕೆಲಸ ಅಷ್ಟೇ.

ಹೀಗೆ ಕೂತು ನೋಡುವಾಗ ಮೊದಲೇ ಒಂದು ಮಾತು ಹೇಳಿಬಿಡಿ: "ನಾವು ಪರೀಕ್ಷೆ ಮಾಡುತ್ತಿರುವುದು ಸೈಟನ್ನು, ನಿಮ್ಮನ್ನಲ್ಲ. ಎಲ್ಲಿ ಸಿಕ್ಕಿಹಾಕಿಕೊಂಡರೂ ಅದು ನಮ್ಮ ತಪ್ಪು." ಆಮೇಲೆ ಸುಮ್ನೆ ಇರಿ. ಕಷ್ಟದ ಕೆಲಸ ಇದೇ. ಬೆರಳು ತಾನಾಗಿ ತೆರೆಯ ಕಡೆ ಹೋಗುತ್ತದೆ, ತಡೆಯಿರಿ. ಮನಸ್ಸಿಗೆ ಬಂದದ್ದನ್ನು ಜೋರಾಗಿ ಹೇಳುತ್ತಾ ಹೋಗಿ ಅಂತ ಕೇಳಿಕೊಳ್ಳಿ, ಆದರೆ ಇಂಗ್ಲಿಷಿನಲ್ಲೇ ಹೇಳಬೇಕು ಅಂತ ಅನಿಸದಿರಲಿ. ನಮ್ಮ ಕಡೆ ಒಂದೇ ಬೆಂಚಿನಲ್ಲಿ ಕನ್ನಡ, ದಖನಿ, ತೆಲುಗು, ಮರಾಠಿ ಎಲ್ಲ ಇರುತ್ತವೆ ಅಲ್ವಾ? ಮನೆಮಾತಿನಲ್ಲಿ ಬಿಟ್ಟರೆ ಬಾಯಿ ಬಿಡುತ್ತಾರೆ. ಇಲ್ಲದಿದ್ದರೆ "ಯೆಸ್ ಸರ್, ಓಕೆ ಸರ್" ಅಷ್ಟೇ.

ಎಷ್ಟು ಜನ ಬೇಕು? ಬಳಕೆಯ ತೊಡಕುಗಳ ಬಗ್ಗೆ ಕೆಲಸ ಮಾಡಿದ ಜೇಕಬ್ ನೀಲ್ಸನ್ 2000ರಲ್ಲಿ ಐದು ಜನ ಸಾಕು ಎಂದರು. ಒಬ್ಬರು ಸರಾಸರಿ 31% ತೊಡಕುಗಳನ್ನು ಹೊರಗೆ ತರುತ್ತಾರೆ, ಐದು ಜನ ಆಗುವಷ್ಟರಲ್ಲಿ ಸುಮಾರು 85% ಬಂದಿರುತ್ತವೆ ಎನ್ನುವುದು ಅವರ ಲೆಕ್ಕ. ನನ್ನ ಅನುಭವದಲ್ಲಿ ನಾಲ್ಕನೆಯವರು ಕೂರುವ ಹೊತ್ತಿಗೆ ಅದೇ ಅದೇ ತೊಡಕು ಬರತೊಡಗುತ್ತದೆ. ಹದಿನೈದು ಜನ ಸಿಕ್ಕಿದರೆ ಎಲ್ಲರನ್ನೂ ಒಂದೇ ದಿನ ಕೂರಿಸಬೇಡಿ. ಐದು ಜನ ನೋಡಿ, ಸರಿ ಮಾಡಿ, ಮತ್ತೆ ಐದು ಜನ. ಆದರೆ ಈ ಐದು ಒಂದೇ ಬಗೆಯ ಬಳಕೆದಾರರಿಗೆ ಮಾತ್ರ ಹೊಂದುವ ಲೆಕ್ಕ. ಹೊಸಬರು ಬೇರೆ, ಹಳಬರು ಬೇರೆ.

ಹಳಬರ ವಿಷಯದಲ್ಲಿ ಹುಷಾರಾಗಿರಿ. ಹೊಸಬರು ತಾವೇ ತಪ್ಪು ಮಾಡಿದೆವು ಅಂದುಕೊಂಡು ಸುಮ್ಮನಾಗುತ್ತಾರೆ, ಹಳಬರು ಸಿಟ್ಟಾಗುತ್ತಾರೆ. ಆ ಸಿಟ್ಟಿನ ಒಳಗೆ ಏನಿದೆ ಬಿಡಿಸಿ ನೋಡಬೇಕು. ರಸ್ಟ್ ಭಾಷೆಯ ಸೈಟನ್ನೇ ನೋಡಿ. 2018ರ ನವೆಂಬರ್ 29ಕ್ಕೆ ಹೊಸ ಸೈಟಿನ ಬೀಟಾ, ಅಂದರೆ ಪ್ರಯೋಗದ ರೂಪ, ತೋರಿಸಿದರು, ಡಿಸೆಂಬರ್ 6ಕ್ಕೆ ಭಾಷೆಯ ಹೊಸ ಆವೃತ್ತಿಯ ಜೊತೆಗೇ ಬಿಟ್ಟರು. ನಡುವೆ ಸಿಕ್ಕಿದ್ದು ಒಂದು ವಾರ. ಹಳೆಯ ಮುಖಪುಟದಲ್ಲಿ ಒಂದು ಕೋಡ್ ತುಣುಕು ಇತ್ತು. ಭಾಷೆ ನೋಡಲು ಹೇಗಿರುತ್ತದೆ ಅಂತ ಬಂದ ಕೂಡಲೇ ತಿಳಿಯುತ್ತಿತ್ತು. ಹೊಸದರಲ್ಲಿ ಅದು ಹೋಗಿತ್ತು. ಹಳೆಯ ಸೈಟ್ ಬೇರೆ ಬೇರೆ ಭಾಷೆಗಳಲ್ಲಿತ್ತು, ಹೊಸದು ಮೊದಲಿಗೆ ಇಂಗ್ಲಿಷಿನಲ್ಲಿ ಮಾತ್ರ ಬಂತು. ದೂರುಗಳು ಸಾಕಷ್ಟು ಬಂದವು. ಬಣ್ಣ ಕಣ್ಣಿಗೆ ಹೊಡೆಯುತ್ತದೆ ಎಂದವರೂ ಇದ್ದರು. ಆದರೆ ಬಣ್ಣದ ದೂರು, ಅನುವಾದ ಕಾಣೆಯಾದ ದೂರು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಬಣ್ಣ ನಾಲ್ಕು ವಾರದಲ್ಲಿ ರೂಢಿಯಾಗುತ್ತದೆ. ದಿನಾ ಕೈಗೆ ಸಿಗುತ್ತಿದ್ದ ವಸ್ತು ಇಲ್ಲವಾದರೆ ರೂಢಿಯಾಗುವುದಿಲ್ಲ.

ರಿಯಾಕ್ಟ್‌ನವರು ಇನ್ನೊಂದು ದಾರಿ ಹಿಡಿದರು. ಅದು ಭಾಷೆಯಲ್ಲ, ವೆಬ್ ಪುಟ ಕಟ್ಟಲು ಬಳಸುವ ಸಿದ್ಧ ಕೋಡ್‌ನ ಲೈಬ್ರರಿ, ಆದರೂ ಪಾಠ ನಮಗೂ ಆಗುತ್ತದೆ. ಹೊಸ ಸೈಟನ್ನು 2021ರ ಅಕ್ಟೋಬರ್‌ನಲ್ಲೇ ಬೀಟಾ ಅಂತ ಬಿಟ್ಟು, ಹಳೆಯದನ್ನು ಪಕ್ಕದಲ್ಲೇ ಇಟ್ಟುಕೊಂಡು, 2023ರ ಮಾರ್ಚ್‌ನಲ್ಲಿ ಪೂರ್ತಿ ಬದಲಾಯಿಸಿದರು. ಆಮೇಲೂ ಹಳೆಯದನ್ನು ಬೇರೆ ವಿಳಾಸದಲ್ಲಿ ಉಳಿಸಿದರು. ನಿಮಗೆ ಅಷ್ಟು ಕಾಲ ಬೇಡ. ಎರಡು ತಿಂಗಳು ಕೊಟ್ಟರೂ ಸಾಕು.

ಹಳಬರಿಗೆ ನಾನು ಕೇಳುವುದು ಒಂದೇ: "ಹೋದ ಸಲ ಈ ಸೈಟಿಗೆ ಯಾಕೆ ಬಂದಿದ್ದಿರಿ?" ಯಾವುದು ಇಷ್ಟ ಅಂತ ಕೇಳಿದರೆ ಹೊಸದಾಗಿ ಯೋಚಿಸಿ ಉತ್ತರ ಕೊಡುತ್ತಾರೆ. ಹೋದ ಸಲ ಏನು ಮಾಡಿದಿರಿ ಅಂದರೆ ನೆನಪು ಮಾಡಿಕೊಂಡು ಹೇಳುತ್ತಾರೆ. ನಮ್ಮಲ್ಲಿ ಹೆಚ್ಚಿನವರು ಬರುತ್ತಿದ್ದದ್ದು ಭಾಷೆಯ ಯಾವುದೋ ಒಂದು ಫಂಕ್ಷನ್‌ಗೆ (ಒಂದು ಕೆಲಸ ಮಾಡುವ ಕೋಡ್‌ನ ತುಂಡಿಗೆ) ಏನೇನು ಕೊಡಬೇಕು ಅಂತ ನೋಡಲು. ಅವರಲ್ಲಿ ಮುಖಪುಟ ನೋಡಿದವರೇ ಕಡಿಮೆ, ನಾವು ತಿಂಗಳುಗಟ್ಟಲೆ ತಿದ್ದಿದ್ದು ಅದೇ ಮುಖಪುಟವನ್ನು.

ಬಾಯಿ ಬಿಡದವರ ಅಭಿಪ್ರಾಯವೂ ನಿಮ್ಮ ಹತ್ತಿರ ಇದೆ. ಸೈಟಿನ ಹುಡುಕು ಪೆಟ್ಟಿಗೆಯಲ್ಲಿ ಜನ ಏನು ಟೈಪ್ ಮಾಡುತ್ತಾರೆ ನೋಡಿ. ಯಾವ ಪದಕ್ಕೆ ಏನೂ ಸಿಗಲಿಲ್ಲ, ಅದನ್ನು ಬರೆದಿಡಿ. ಸೈಟಿಗೆ ಬಂದವರು ಯಾವ ಪುಟ ಕೇಳಿದರು ಅಂತ ದಾಖಲಾಗುವ ಸರ್ವರ್ ಲಾಗ್‌ನಲ್ಲಿ 404, ಅಂದರೆ "ಪುಟ ಇಲ್ಲ", ಅಂತ ಬಂದ ಲಿಂಕ್‌ಗಳನ್ನು ನೋಡಿ. ನಮ್ಮಲ್ಲಿ ಒಂದು ಹಳೆಯ ಪಾಠದ ಲಿಂಕ್ ದಿನಾ ಬೆಳಗ್ಗೆ ಹತ್ತರ ಸುಮಾರಿಗೆ ಗುಂಪಾಗಿ 404 ಆಗುತ್ತಿತ್ತು. ಹುಡುಕಿದರೆ, ಒಂದು ಕಾಲೇಜಿನ ಲ್ಯಾಬ್ ನೋಟ್ಸ್‌ನಲ್ಲಿ ಆ ಲಿಂಕ್ ಅಚ್ಚಾಗಿತ್ತು. ಝೆರಾಕ್ಸ್ ಅಂಗಡಿಯಲ್ಲಿ ವರ್ಷಾನುಗಟ್ಟಲೆ ಅದೇ ಪ್ರತಿ ಮಾರಾಟವಾಗುತ್ತಿತ್ತು. ಮಕ್ಕಳು ಅಕ್ಷರ ಅಕ್ಷರ ನೋಡಿ ಟೈಪ್ ಮಾಡುತ್ತಿದ್ದರು, ನಾವು ಪುಟ ಇಲ್ಲ ಎನ್ನುತ್ತಿದ್ದೆವು. ಹಳೆಯ ಲಿಂಕ್ ಒತ್ತಿದರೆ ಹೊಸ ಪುಟ ತೆರೆಯುವ ಹಾಗೆ ಅದೇ ದಿನ ಮಾಡಿದೆವು. ಆ ಮಕ್ಕಳಲ್ಲಿ ಒಬ್ಬರೂ ನಮಗೆ ದೂರು ಬರೆದಿರಲಿಲ್ಲ.

ಬಣ್ಣದ ಜಗಳಕ್ಕೆ ಮತ ಹಾಕಿಸಬೇಡಿ. ಫೋನ್ ಹಿಡಿದು ಮಧ್ಯಾಹ್ನ ಹೊರಗೆ ಹೋಗಿ. ನಾನು ಮೇ ತಿಂಗಳಲ್ಲಿ ಸೂಪರ್ ಮಾರ್ಕೆಟ್ ಹತ್ತಿರ ಬಿಸಿಲಿಗೆ ನಿಂತು ನೋಡಿದೆ. ಕೋಡ್‌ನ ನಡುವೆ ತೆಳು ಬೂದು ಬಣ್ಣದಲ್ಲಿದ್ದ ಕಾಮೆಂಟುಗಳು, ಅಂದರೆ ಓದುವವರಿಗಾಗಿ ಬರೆದ ವಿವರಣೆಗಳು, ಇದ್ದವೋ ಇಲ್ಲವೋ ಎನ್ನುವ ಹಾಗಿತ್ತು. ಇದಕ್ಕೊಂದು ಅಳತೆಯೂ ಇದೆ. ವೆಬ್ ಪುಟಗಳು ಎಲ್ಲರಿಗೂ ಬಳಸಲು ಬರುವಂತಿರಲಿ ಅಂತ ಮಾಡಿದ ಡಬ್ಲ್ಯೂಸಿಎಜಿ ನಿಯಮದಲ್ಲಿ (ಎಎ ಮಟ್ಟಕ್ಕೆ) ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1ರಷ್ಟು ಅಂತರ ಇರಬೇಕು. ಅದನ್ನು ದಾಟಿದ ಮೇಲೆ ನೀಲಿಯೋ ಹಸಿರೋ ನೀವೇ ತೀರ್ಮಾನ ಮಾಡಿ. ಕನ್ನಡ ಪುಟ ಮಾಡುವುದಾದರೆ ಸಾಲಿನ ನಡುವಿನ ಜಾಗ ಇಂಗ್ಲಿಷಿಗಿಂತ ಜಾಸ್ತಿ ಬಿಡಿ, ಇಲ್ಲದಿದ್ದರೆ "ರಾಷ್ಟ್ರ"ದಂಥ ಪದಗಳ ಒತ್ತಕ್ಷರ ಕೆಳಗೆ ಕತ್ತರಿಸಿ ಹೋಗುತ್ತದೆ.

ಫಾರ್ಮ್ ತೆಗೆಯುವುದು ಬೇಡ, ಪ್ರಶ್ನೆ ಬದಲಾಯಿಸಿ. ಎರಡೇ ಇರಲಿ: ಇವತ್ತು ಏನು ಹುಡುಕಿಕೊಂಡು ಬಂದಿರಿ? ಸಿಕ್ಕಿತಾ? ಉತ್ತರ ಕೊಟ್ಟವರಿಗೆ ತಿರುಗಿ ಹೇಳುವುದನ್ನೂ ಮರೆಯಬೇಡಿ. ಇದನ್ನು ಸರಿ ಮಾಡಿದೆವು, ಇದನ್ನು ಮಾಡುವುದಿಲ್ಲ, ಕಾರಣ ಇದು ಅಂತ ಒಂದು ಪುಟ ಬರೆದು ಹಾಕಿ. ನಾವು ಹಾಗೆ ಮಾಡಿದ ಮೇಲೆ, ಜೋರಾಗಿ ಬೈದಿದ್ದ ಇಬ್ಬರು ಹಳಬರೇ ಮುಂದೆ ಬಂದು ಪಾಠಗಳನ್ನು ತಿದ್ದಿಕೊಟ್ಟರು.

ಕೂರಿಸಲು ಜನ ಸಿಗದಿದ್ದರೆ ಹೇಳಿ. ಬೀದರಿನಿಂದ ಇಲ್ಲಿಗೆ ರೈಲೂ ಇದೆ, ಬಸ್ಸೂ ಇದೆ. ಶನಿವಾರ ಮಧ್ಯಾಹ್ನ ನನ್ನ ಲ್ಯಾಬ್ ಖಾಲಿ ಇರುತ್ತದೆ, ನಿಮ್ಮ ಭಾಷೆಯ ಹೆಸರೇ ಕೇಳದ ಐದು ಮಕ್ಕಳನ್ನು ನಾನು ಕರೆಸುತ್ತೇನೆ. ಆ ಹಳೆಯ ಮಾನಿಟರ್‌ಗಳೂ ಇನ್ನೂ ಇವೆ.