ನೌಕೆ ಹೊರಟಿತು, ಗೆಳೆತನ ಇನ್ನೂ ಹತ್ತಿಲ್ಲ

ಗದಗಿನ ಗೆಳೆಯರೇ,

ಐದು ಸಂಪುಟಗಳ ಅಂತರಿಕ್ಷ ಸಾಹಸದ ಮೊದಲ ಕಾದಂಬರಿಯನ್ನು ಧಾರವಾಡದ ನಮ್ಮ ಪ್ರಕಾಶನಕ್ಕೆ ಕಳಿಸಿದ್ದೀರಿ. ಪೂರ್ತಿ ಓದಿದೆ. ಈಗಿರುವ ಹಾಗೆ ಅಚ್ಚಿಗೆ ಹಾಕಲು ಆಗುವುದಿಲ್ಲ. ಆದರೆ ಇದನ್ನು ಕೈಬಿಡುವ ಮನಸ್ಸೂ ಇಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನೌಕೆ, ಕಾಳಗ, ಶನಿಯ ಉಂಗುರ ಎಲ್ಲ ಚೆನ್ನಾಗಿವೆ. ತೊಡಕಿರುವುದು ಗೆಳೆತನದಲ್ಲಿ. ಚಾಲಕಿ ಗಂಗಾ, ಎಂಜಿನಿಯರ್ ಈರಣ್ಣ, ಡಾಕ್ಟರ್ ರುಕ್ಸಾನಾ ಜೀವದ ಗೆಳೆಯರು ಎಂದು ಮೊದಲ ಪುಟದಲ್ಲೇ ಹೇಳಿಬಿಟ್ಟಿರಿ. ಮುಂದೆಯೂ ಸುಮ್ನೆ ಅದನ್ನೇ ಹೇಳುತ್ತ ಹೋಗುತ್ತೀರಿ. ಮೂವರೂ ಒಬ್ಬರಿಗೊಬ್ಬರು ಪ್ರಾಣ ಕೊಡಲು ತಯಾರು. ಆದರೆ ಈರಣ್ಣನಿಗೆ ಸಿಟ್ಟು ಬಂದರೆ ಏನು ಮಾಡುತ್ತಾನೆ? ರುಕ್ಸಾನಾ ಯಾವ ಮಾತಿಗೆ ನೊಂದುಕೊಳ್ಳುತ್ತಾಳೆ? ಕಾದಂಬರಿ ಮುಗಿದರೂ ನನಗೆ ಹೇಳಲು ಬರುವುದಿಲ್ಲ. ಹೆಸರು ತೆಗೆದರೆ ಯಾವ ಮಾತು ಯಾರದು ಅಂತಲೂ ತಿಳಿಯುವುದಿಲ್ಲ.

ಒಂದು ಕಡೆ ಮಾತ್ರ ಗೆದ್ದಿದ್ದೀರಿ. ಏಳನೇ ಅಧ್ಯಾಯದಲ್ಲಿ ನೀರು ಶುದ್ಧ ಮಾಡುವ ಯಂತ್ರ ಕೆಟ್ಟಿದೆ. ಈರಣ್ಣ ಅದರೊಳಗೆ ತಲೆ ತೂರಿಸಿದ್ದಾನೆ. ಗಂಗಾ ಟಾರ್ಚ್ ಹಿಡಿದಿದ್ದಾಳೆ. ಹಿಂದಿನ ದಿನ ಜಗಳವಾಗಿ ಇಬ್ಬರಿಗೂ ಮಾತಿಲ್ಲ. ಆದರೂ ಅವನ ಕೈ ಹೋದಲ್ಲಿ ಬೆಳಕು ಹೋಗುತ್ತದೆ. ಅವನು ಕೇಳುವ ಮೊದಲೇ ಸರಿಯಾದ ಪಾನಾ ಕೈಗೆ ಬರುತ್ತದೆ. ಎಷ್ಟು ಚೆನ್ನಾಗಿ ಬರೆದಿದ್ದೀರಿ! ಆದರೆ ಕೊನೆಗೆ ಅವರ ಸ್ನೇಹ ನಕ್ಷತ್ರಗಳಷ್ಟು ಶಾಶ್ವತ ಎಂಬ ಸಾಲು ಸೇರಿಸಿದ್ದೀರಲ್ಲ, ಅದನ್ನು ಹೊಡೆದುಹಾಕಿ.

ಇನ್ನೊಂದು ದೊಡ್ಡ ಅವಕಾಶ ಕಳೆದುಕೊಂಡಿದ್ದೀರಿ. ಶನಿಯ ಬಳಿ ಇರುವ ಈರಣ್ಣ ಗದಗಿನ ಮಲ್ಲುವಿನ ಜೊತೆ ಫೋನಿನಲ್ಲಿ ಹರಟಿದ ಹಾಗೆ ಹರಟುತ್ತಾನೆ. ಅದು ಆಗದ ಮಾತು. ರೇಡಿಯೋ ಸಂದೇಶ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಓಡಿದರೂ ಶನಿಯಿಂದ ಭೂಮಿ ಮುಟ್ಟಲು ಸುಮಾರು 80 ನಿಮಿಷ ಬೇಕು. ಮರುಮಾತಿಗೆ ಮತ್ತೆ ಅಷ್ಟೇ. ಚಂದ್ರನ ಹತ್ತಿರ ಇದ್ದಾಗ ಒಂದು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ, ಮಂಗಳದ ಬಳಿ 3ರಿಂದ 22 ನಿಮಿಷ. ಇದನ್ನೇ ಕಥೆಗೆ ತನ್ನಿ. ಮೊದಮೊದಲು ಮಾತಿಗೆ ಮಾತು ಕೂಡುತ್ತದೆ. ಆಮೇಲೆ ಒಬ್ಬ ಹೇಳಿ ಮುಗಿಸಬೇಕು, ಇನ್ನೊಬ್ಬ ಕಾಯಬೇಕು. ಶನಿಯ ಬಳಿ ಈರಣ್ಣ ಮಲ್ಲುವಿಗೆ ಬೈದು, ಹತ್ತೇ ನಿಮಿಷಕ್ಕೆ ತಪ್ಪಾಯ್ತು ಅಂತ ಕಳಿಸಿದ ಅನ್ನಿ. ಎರಡೂ ಒಂದೇ ವೇಗದಲ್ಲಿ ಓಡುತ್ತವೆ, ಬೈಗುಳವೇ ಮೊದಲು ಮುಟ್ಟುತ್ತದೆ. ಮಲ್ಲು ಏನಂದನೋ ಎಂದು ಈರಣ್ಣ ಎರಡೂವರೆ ಗಂಟೆ ಒದ್ದಾಡುವಾಗ ಪಕ್ಕದಲ್ಲಿ ಇರುವವಳು ಗಂಗಾ. ಅವರಿಬ್ಬರ ಗೆಳೆತನ ಅಲ್ಲಿಂದ ಹತ್ತಬಹುದು ಅಲ್ವಾ?

ಗೆಳೆಯರನ್ನು ಬೇರೆ ಬೇರೆಯಾಗಿರಲು ಬಿಡಿ. ಬೇಂದ್ರೆಯವರು 1920ರ ದಶಕದಲ್ಲಿ ಇದೇ ಧಾರವಾಡದಲ್ಲಿ ಗೆಳೆಯರ ಗುಂಪು ಕಟ್ಟಿದರು. ಅದರಲ್ಲಿದ್ದ ಶಂ.ಬಾ. ಜೋಶಿ ನಾಡಿನ ಸಂಸ್ಕೃತಿಯ ಬೇರು ಹುಡುಕಿದರು, ಆನಂದಕಂದರು ಹಳ್ಳಿಯ ಮಾತಿನಲ್ಲಿ ಹಾಡು ಕಟ್ಟಿದರು, ಗೋಕಾಕರು ಇಂಗ್ಲಿಷ್ ಕಲಿಸುತ್ತ ಕನ್ನಡದಲ್ಲಿ ಬರೆದರು. ಒಬ್ಬರ ದಾರಿ ಇನ್ನೊಬ್ಬರದಲ್ಲ. ನಿಮ್ಮ ಮೂವರು ಎಲ್ಲದಕ್ಕೂ ಹೂಂ ಅನ್ನುತ್ತಾರೆ.

ಮೂರನೇ ಸಂಪುಟದಲ್ಲಿ ರುಕ್ಸಾನಾ ಗೆಳೆಯರಿಗೆ ಎರಡು ಬಗೆಯುತ್ತಾಳೆ ಎಂದು ಸಾರಾಂಶದಲ್ಲಿ ಬರೆದಿದ್ದೀರಿ. ಒಳ್ಳೆಯ ಯೋಚನೆ. ಆದರೆ ಸದ್ಯ ಅವಳು ಇಂಜೆಕ್ಷನ್ ಕೊಡಲು ಬರುತ್ತಾಳೆ, ಹೋಗುತ್ತಾಳೆ. ಅವಳ ಮೇಲೆ ನನಗೆ ಈಗಲೇ ಅಕ್ಕರೆ ಹುಟ್ಟದಿದ್ದರೆ ಮುಂದೆ ಅವಳು ಕೈಕೊಟ್ಟಾಗ ಏನೂ ಅನ್ನಿಸುವುದಿಲ್ಲ.

ಎರಡನೇ ಸಂಪುಟ ಬದಿಗಿಡಿ. ರುಕ್ಸಾನಾಳಿಗೆ ಏಳನೇ ಅಧ್ಯಾಯದಂಥ ಒಂದು ಪ್ರಸಂಗ ಬರೆಯಿರಿ, ಮಲ್ಲುವಿನ ಸಂದೇಶಗಳನ್ನು ತಿದ್ದಿ. ಇಷ್ಟನ್ನೇ ಮೊದಲು ಕಳಿಸಿ. ಬಂದ ಕೂಡಲೇ ಓದುತ್ತೇನೆ.