ಸಾಂಕ್ರಾಮಿಕ ರೋಗ ತಜ್ಞರ ಸನ್ಮಾನ ಪತ್ರದಲ್ಲಿ ಏನು ಬರೆಯಬೇಕು?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಉಡುಪಿ ಹತ್ತಿರದ ನಿಮ್ಮ ಯುವಕ ಮಂಡಲಕ್ಕೆ ಐವತ್ತು ವರ್ಷ ತುಂಬುತ್ತದೆ, ಸುವರ್ಣ ಮಹೋತ್ಸವದಲ್ಲಿ ಒಬ್ಬ ನಿವೃತ್ತ ಸಾಂಕ್ರಾಮಿಕ ರೋಗ ತಜ್ಞರನ್ನು ಸನ್ಮಾನಿಸಬೇಕೆಂದು ನಿಮಗೆ ಆಸೆ. ಸಮಿತಿಯಲ್ಲಿ ಒಬ್ಬರು, "ಅವರು ಯಾರನ್ನು ಗುಣ ಮಾಡಿದ್ದಾರೆ? ಹಾರ್ಟ್ ಡಾಕ್ಟರನ್ನು ಕರೆದರೆ ಜನಕ್ಕೆ ಗೊತ್ತಾದರೂ ಆಗುತ್ತದೆ" ಎಂದಿದ್ದಾರೆ. ಸನ್ಮಾನ ಪತ್ರ ಬರೆಯುವ ಜವಾಬ್ದಾರಿ ನಿಮ್ಮ ಮೇಲೆ ಬಂದಿದೆ, ಏನು ಬರೆಯಲಿ ಎಂದು ಕೇಳಿದ್ದೀರಿ.

ನಾನು ಡಾಕ್ಟರಲ್ಲ. ದಕ್ಷಿಣ ಕನ್ನಡದಲ್ಲಿ ಆರೋಗ್ಯ ಸಹಾಯಕನಾಗಿ ದುಡಿದು ನಿವೃತ್ತನಾದವನು. ಇಂಥ ತಜ್ಞರ ಕೆಲಸವನ್ನು ನಾನು ನೋಡಿದ್ದು ಮನೆಮನೆಯ ಜಗಲಿಯಲ್ಲಿ ಕುಳಿತು, ರಿಜಿಸ್ಟರ್ ತುಂಬಿಸುತ್ತಾ. ಅಲ್ಲಿ ಕಲಿತದ್ದನ್ನು ಹೇಳುತ್ತೇನೆ.

1983ರ ಆರಂಭ. ನಾನು ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಬೆಳ್ತಂಗಡಿ ತಾಲೂಕಿನ ನಿಡ್ಲೆ, ಪಟ್ರಮೆ ಕಡೆ ಮಂಗನ ಕಾಯಿಲೆ ಎದ್ದಿತ್ತು. ಗೇರು ತೋಟಕ್ಕೆಂದು ಕಾಡು ಕಡಿದ ಜಾಗದ ಆಸುಪಾಸಿನಲ್ಲೇ ಹೆಚ್ಚು. ಮೊದಲು ಮಂಗಗಳು ಸತ್ತು ಬೀಳುತ್ತಿದ್ದವು, ಆಮೇಲೆ ಮನುಷ್ಯರಿಗೆ ಜ್ವರ. ಆ ಒಂದು ಹಂಗಾಮಿನಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಮಲಗಿದರು, ನೂರಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಈ ರೋಗದ ವೈರಸ್ಸನ್ನೇ ಕೊಲ್ಲುವ ಮದ್ದು ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಹೊರಗಿನಿಂದ ಬಂದ ತಜ್ಞರೊಬ್ಬರು ನನ್ನ ರಿಜಿಸ್ಟರ್ ತೆಗೆದು ನೋಡಿದರು. ಹೆಸರು, ಪ್ರಾಯ, ಜ್ವರ ಬಂದ ದಿನ ಎಲ್ಲ ಬರೆದಿದ್ದೆ. ಅವರು ಸ್ಕೇಲು ಇಟ್ಟು ಇನ್ನೊಂದು ಗೆರೆ ಎಳೆದರು: ಜ್ವರಕ್ಕೆ ಮುಂಚಿನ ವಾರ ಎಲ್ಲಿಗೆ ಹೋಗಿದ್ದರು? ಆಮೇಲೆ ಹೇಳಿದ ಮಾತು ನಾನು ನಿವೃತ್ತನಾಗುವವರೆಗೂ ನನ್ನ ಜೊತೆ ಬಂತು. "ಜ್ವರ ಬಾರದ ಮನೆಯವರನ್ನೂ ಇದನ್ನೇ ಕೇಳು."

ಮರುದಿನ ಒಂದೇ ಅಂಗಳದ ಎರಡು ಮನೆಗೆ ಹೋದೆ. ಒಂದರಲ್ಲಿ ಮೂವರು ಮಲಗಿದ್ದರು. ಇನ್ನೊಂದರಲ್ಲಿ ಒಬ್ಬರಿಗೂ ಏನೂ ಆಗಿರಲಿಲ್ಲ. ಆ ಎರಡನೆಯ ಮನೆಯ ಅಜ್ಜಿ, "ಡಾಕ್ಟ್ರೇ, ಜ್ವರ ಇಲ್ಲದ ಮನೆಗೆ ನೀವು ಯಾಕೆ ಬಂದದ್ದು?" ಎಂದು ಕೇಳಿದರು. (ಹಳ್ಳಿಯಲ್ಲಿ ನಮ್ಮನ್ನೂ ಡಾಕ್ಟ್ರೇ ಎಂದೇ ಕರೆಯುವುದು.) ಕೇಳುತ್ತಾ ಹೋದಾಗ ತಿಳಿಯಿತು, ಅವರ ಹಟ್ಟಿಯಲ್ಲಿ ದನ ಇರಲಿಲ್ಲ, ಹಾಗಾಗಿ ಸೊಪ್ಪು, ತರಗೆಲೆ ತರಲು ಕಾಡಿಗೆ ಹೋಗುವ ಅಗತ್ಯವೂ ಇರಲಿಲ್ಲ. ಒಲೆಗೆ ತೋಟದ ತೆಂಗಿನ ಮಡಲೇ ಸಾಕಾಗುತ್ತಿತ್ತು. ಪಕ್ಕದ ಮನೆಯವರು ದಿನಾ ಕಾಡಿಗೆ ಹೋಗುವವರು. ಎರಡು ಮನೆಯಿಂದ ಏನೂ ಸಿದ್ಧವಾಗುವುದಿಲ್ಲ. ಆದರೆ ಹೀಗೆ ನೂರಾರು ಮನೆ ಸೇರಿದಾಗ ರೋಗ ಯಾವ ದಾರಿಯಲ್ಲಿ ಬರುತ್ತದೆ, ಎಲ್ಲಿ ತಡೆಯಬೇಕು ಎನ್ನುವುದು ಕಾಣಿಸುತ್ತದೆ. ಚಿಕಿತ್ಸೆ ಕೊಡುವ ವೈದ್ಯರ ಮುಂದೆ ಬರುವುದು ರೋಗಿ ಮಾತ್ರ. ಈ ತಜ್ಞರು ರೋಗ ಬಾರದವನನ್ನೂ ಹುಡುಕಿಕೊಂಡು ಹೋಗುತ್ತಾರೆ. ನಿಮ್ಮ ಸಮಿತಿಯವರ ಪ್ರಶ್ನೆಗೆ ನನ್ನ ಉತ್ತರ ಇದೇ.

ಕಾಡಿನಲ್ಲಿ ಮೈಗೆ ಹತ್ತುವ ಉಣುಗಿನಿಂದ ಈ ರೋಗ ಬರುತ್ತದೆ ಎನ್ನುವುದು ನಮಗೆ 1983ರಲ್ಲಿ ಗೊತ್ತಿತ್ತಲ್ಲ, ಅದೂ ಯಾರೋ ಕಷ್ಟಪಟ್ಟು ಹುಡುಕಿದ್ದೇ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ, ಹಳದಿ ಜ್ವರ ಭಾರತಕ್ಕೆ ಕಾಲಿಟ್ಟಿತೋ ಎಂಬ ಭಯ ಹುಟ್ಟಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ಟೆಲ್‌ಫೋರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೊ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ಅದು ಹಳದಿ ಜ್ವರವಲ್ಲ, ಉಣುಗು ಹರಡುವ ಹೊಸ ವೈರಸ್ ಎಂದು ತೋರಿಸಿದರು. ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ಇಂದಿಗೂ ಆ ರೋಗಕ್ಕೆ ನಮ್ಮ ಕ್ಯಾಸನೂರಿನ ಹೆಸರೇ ಉಂಟು. ಆದರೆ ಮಂಗನ ಸಾವಿಗೂ ಜ್ವರಕ್ಕೂ ನಂಟು ಕಟ್ಟಿ ಮಂಗನ ಕಾಯಿಲೆ ಎಂದು ಕರೆದವರು ಅಲ್ಲಿನ ಹಳ್ಳಿಯವರು. ಸನ್ಮಾನದ ಮಾತು ಬಂದಾಗ ನನಗೆ ಅವರೂ ನೆನಪಾಗುತ್ತಾರೆ.

ಸಮಿತಿಯವರಿಗೆ ಇನ್ನೂ ಹತ್ತಿರದ್ದು ಬೇಕಾದರೆ ಮಣಿಪಾಲವನ್ನೇ ಹೇಳಿ. 2018ರ ಮೇ ತಿಂಗಳಲ್ಲಿ ಕೋಯಿಕ್ಕೋಡಿನಿಂದ ಬಂದ ಮಾದರಿಗಳಲ್ಲಿ ನಿಪಾ ವೈರಸ್ ಮೊದಲು ಪತ್ತೆಯಾದದ್ದು ಇಲ್ಲಿನ ಪ್ರಯೋಗಾಲಯದಲ್ಲಿ. ಅಷ್ಟಕ್ಕೇ ನಿಲ್ಲದೆ, ತನಿಖೆಗೆ ಇಳಿದ ತಜ್ಞರು ಯಾರು ಯಾರ ಪಕ್ಕ ಕುಳಿತಿದ್ದರು, ಆಸ್ಪತ್ರೆಯ ಯಾವ ಕಾರಿಡಾರಿನಲ್ಲಿ ಎಷ್ಟು ಹೊತ್ತು ಕಾದರು ಎಂದು ಒಬ್ಬೊಬ್ಬರದೇ ಜಾಡು ಹಿಡಿದು, ಸೋಂಕಿನ ಸರಪಳಿಯನ್ನು ಮೊದಲ ರೋಗಿಯವರೆಗೆ ಜೋಡಿಸಿದರು.

ಇನ್ನು "ಸಾಂಕ್ರಾಮಿಕ ರೋಗ ತಜ್ಞ" ಎಂಬ ಹೆಸರು. ಈ ಹೆಸರು ಅವರ ಕೆಲಸಕ್ಕೆ ಸಾಲುವುದಿಲ್ಲ. ಗಳಗಂಡ, ಅಂದರೆ ಕುತ್ತಿಗೆ ಊದುವ ರೋಗ, ಅಂಟುರೋಗವಲ್ಲ. ಆದರೂ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು 1956ರಿಂದ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಮಾಡಿದ್ದು ಇದೇ ಕೆಲಸ: ಒಂದಷ್ಟು ಊರುಗಳಿಗೆ ಅಯೋಡಿನ್ ಸೇರಿಸಿದ ಉಪ್ಪು, ಇನ್ನೊಂದಷ್ಟಕ್ಕೆ ಸಾದಾ ಉಪ್ಪು, ಆಮೇಲೆ ವರ್ಷಗಟ್ಟಲೆ ಮಕ್ಕಳ ಕುತ್ತಿಗೆ ಮುಟ್ಟಿ ನೋಡಿ ಲೆಕ್ಕ. ಇಂದು ನಿಮ್ಮ ಅಡುಗೆಮನೆಯ ಉಪ್ಪಿನ ಪ್ಯಾಕೆಟ್ಟಿನಲ್ಲಿ ಆ ಲೆಕ್ಕ ಉಂಟು. ಪತ್ರದಲ್ಲಿ "ಜನಾರೋಗ್ಯ ಸಂಶೋಧಕರು" ಎಂದೂ ಸೇರಿಸಿ.

ಒಂದು ವಿಷಯದಲ್ಲಿ ನನಗೆ ನಿಜಕ್ಕೂ ಸಂಕಟ ಉಂಟು. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿದ್ದ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂದು, ಡ್ರಿಪ್ ಬಾಟಲಿ ಸಾಲದೆ ಹೋದಾಗ, ಡಾ. ದಿಲೀಪ್ ಮಹಲನಾಬಿಸ್ ಉಪ್ಪು, ಗ್ಲೂಕೋಸ್ ಬೆರೆಸಿದ ನೀರನ್ನು ಕುಡಿಸಲು ರೋಗಿಗಳ ಮನೆಯವರ ಕೈಗೇ ಕೊಟ್ಟರು. ಶೇ. 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇ. 4ಕ್ಕಿಂತ ಕೆಳಗಿಳಿಯಿತು. ಅದನ್ನು ಲೆಕ್ಕ ಇಟ್ಟು ಬರೆದಿಟ್ಟದ್ದರಿಂದಲೇ ಜಗತ್ತು ಓಆರ್‌ಎಸ್ ಅನ್ನು ನಂಬಿತು. ಅವರು ತೀರಿಕೊಂಡದ್ದು 2022ರ ಅಕ್ಟೋಬರಿನಲ್ಲಿ. ಪದ್ಮವಿಭೂಷಣ ಘೋಷಣೆಯಾದದ್ದು 2023ರ ಜನವರಿಯಲ್ಲಿ. ಐವತ್ತು ವರ್ಷ ಇತ್ತಲ್ಲ ನಮಗೆ! ನಿಮ್ಮ ತಜ್ಞರಿಗೆ ಪ್ರಾಯವಾಗಿದೆ ಎಂದು ಬರೆದಿದ್ದೀರಿ. ಮುಂದಿನ ವರ್ಷಕ್ಕೆ ಹಾಕಬೇಡಿ.

ಪತ್ರಕ್ಕೆ ಬರುತ್ತೇನೆ. ಪದವಿ, ಹುದ್ದೆ, ಪ್ರಬಂಧಗಳ ಸಂಖ್ಯೆ ಎರಡು ಸಾಲಿನಲ್ಲಿ ಮುಗಿಯಲಿ. ಒಂದು ಸಂಜೆ ಅವರ ಮನೆಗೆ ಹೋಗಿ ಕುಳಿತು ಮೂರು ವಿಷಯ ಕೇಳಿಕೊಂಡು ಬನ್ನಿ: ಯಾವ ಪ್ರಶ್ನೆ ಹಿಡಿದು ಹೊರಟಿರಿ, ಯಾವ ಊರುಗಳಲ್ಲಿ ಯಾರನ್ನು ಎಣಿಸಿದಿರಿ, ಆಮೇಲೆ ಅಲ್ಲಿ ಏನು ಬದಲಾಯಿತು. ಊರುಗಳ ಹೆಸರು ಪತ್ರದಲ್ಲಿ ಇರಲೇಬೇಕು. ಮೊದಲ ಸಾಲು ಹೀಗಿರಬಹುದು: "ಮಾನ್ಯರೇ, ಎಲ್ಲರೂ ರೋಗ ಬಂದವರ ಮನೆಗೆ ಹೋದಾಗ ತಾವು ರೋಗ ಬಾರದವರ ಮನೆಗೂ ಹೋದಿರಿ."

ಅವರಿಗಾಗಿ ಓಡಾಡಿದವರನ್ನೂ ಕರೆಯಿರಿ. ಆನೆಕಾಲು ರೋಗದ ಹುಳು ರಕ್ತದಲ್ಲಿ ಕಾಣಿಸುವುದು ರಾತ್ರಿ. ಹಾಗಾಗಿ ಊಟ ಮುಗಿಸಿ ಮಲಗುವ ಹೊತ್ತಿಗೆ ಬಾಗಿಲು ತಟ್ಟಿ, ನಾಯಿ ಬೊಗಳುವ ನಡುವೆ, ಬೆರಳು ಚುಚ್ಚಿ ರಕ್ತಲೇಪನ ತೆಗೆದವರು ಉಂಟು. ಮಂಗಳೂರಿನಲ್ಲಿ ಕಟ್ಟಡ ಕಟ್ಟುವ ಜಾಗದ ನಿಂತ ನೀರಿಗೆ ಟಾರ್ಚು ಹಿಡಿದು ಮಲೇರಿಯಾ ಸೊಳ್ಳೆಯ ಮರಿ ಹುಡುಕಿದವರು ಉಂಟು. ನಿಮ್ಮ ಊರಿನ ಆಶಾ ಕಾರ್ಯಕರ್ತೆಯರು ಉಂಟು. ಅವರಿಗೆ ಶಾಲು, ಪೇಟ ಇಲ್ಲದಿದ್ದರೂ ಚಿಂತೆಯಿಲ್ಲ, ವೇದಿಕೆಗೆ ಕರೆದು ಹೆಸರು ಹೇಳಿ, ತಜ್ಞರ ಪಕ್ಕದಲ್ಲೇ ಕೂರಿಸಿ.

ದಿನ ನಿಶ್ಚಯ ಮಾಡುವಾಗ ಒಂದು ನೆನಪಿಡಿ. ಡಿಸೆಂಬರಿನಿಂದ ಮೇವರೆಗೆ ಕಾಡಿನ ಬದಿಯವರಿಗೆ ಮಂಗನ ಕಾಯಿಲೆಯ ಕಾಲ, ಜೂನ್ ಹಿಡಿದರೆ ಡೆಂಗ್ಯೂ, ಮಲೇರಿಯಾ. ದೀಪಾವಳಿ ಕಳೆದ ಮೇಲಿನ ಒಂದು ಭಾನುವಾರ ಇಟ್ಟರೆ ಅವರೆಲ್ಲರಿಗೂ ಬರಲು ಪುರುಸೊತ್ತು ಆಗಬಹುದು.