ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನಂತರ ಮಹಿಳೆಯ ಬದುಕಿನ ಗುಣಮಟ್ಟ ಹೇಗಿರುತ್ತದೆ?

ದಿನನಿತ್ಯದ ತೊಂದರೆಗಳು ಹೆಚ್ಚಾಗಿ ಕಾಣಿಸುವುದು ಸ್ತನದಲ್ಲಲ್ಲ, ತೋಳಿನಲ್ಲಿ. ಕಂಕುಳಿನ ದುಗ್ಧರಸ ಗ್ರಂಥಿಗಳನ್ನು (ಲಿಂಫ್ ನೋಡ್) ವ್ಯಾಪಕವಾಗಿ ತೆಗೆದಾಗ ಸುಮಾರು ಐವರಲ್ಲಿ ಒಬ್ಬರಿಗೆ ತೋಳು ಊದಿಕೊಳ್ಳುವ ಲಿಂಫೆಡೀಮಾ ಉಂಟಾಗುತ್ತದೆ. ಒಂದೆರಡು ಗ್ರಂಥಿಗಳನ್ನಷ್ಟೇ ತೆಗೆದು ಪರೀಕ್ಷಿಸುವ ಸೆಂಟಿನೆಲ್ ಬಯಾಪ್ಸಿಯಲ್ಲಿ ಈ ಅಪಾಯ ಬಹಳ ಕಡಿಮೆ. ಊತಕ್ಕೆ ಹೆದರಿ ತೋಳನ್ನು ಅಲುಗಾಡಿಸದೆ ಇಡುವವರು ಅನೇಕರು, ಆದರೆ ಅದರಿಂದ ಭುಜ ಬಿಗಿಯುತ್ತದೆಯೇ ಹೊರತು ಪ್ರಯೋಜನವಿಲ್ಲ; ಫಿಸಿಯೋಥೆರಪಿ ತಜ್ಞರ ಮಾರ್ಗದರ್ಶನದಲ್ಲಿ ಹಂತಹಂತವಾಗಿ ಹೆಚ್ಚಿಸುವ ವ್ಯಾಯಾಮ ಸುರಕ್ಷಿತ.

ಆರಂಭಿಕ ಹಂತದಲ್ಲಿ ಗಡ್ಡೆಯನ್ನಷ್ಟೇ ತೆಗೆಸಿ ವಿಕಿರಣ ಚಿಕಿತ್ಸೆ ಪಡೆದವರ ಆಯುಷ್ಯ ಇಡೀ ಸ್ತನ ತೆಗೆಸಿಕೊಂಡವರಿಗಿಂತ ಕಡಿಮೆಯಿಲ್ಲವೆಂದು 2002ರಲ್ಲಿ ಪ್ರಕಟವಾದ 20 ವರ್ಷಗಳ ಅಧ್ಯಯನಗಳ ಫಲಿತಾಂಶಗಳು ತೋರಿಸಿರುವುದರಿಂದ, ತನ್ನ ದೇಹದ ಬಗ್ಗೆ ಮಹಿಳೆಗಿರುವ ಭಾವನೆಗೂ ಈ ಆಯ್ಕೆಯಲ್ಲಿ ಸ್ಥಾನವಿದೆ.

ಕ್ಯಾನ್ಸರ್ ಮರುಕಳಿಸದಂತೆ ಹಾರ್ಮೋನ್ ತಡೆಯುವ ಮಾತ್ರೆಗಳನ್ನು 5ರಿಂದ 10 ವರ್ಷ ಸೇವಿಸುವವರಲ್ಲಿ ಕೀಲುನೋವು, ಯೋನಿಯ ಶುಷ್ಕತೆ ಸಾಮಾನ್ಯ. ಸಂಕೋಚದಿಂದ ಬಚ್ಚಿಡುವ ಈ ತೊಂದರೆಗಳಿಗೂ ವೈದ್ಯರಲ್ಲಿ ಪರಿಹಾರಗಳಿವೆ.